ತುಂಬಿದ ಗೋಲಗಳು

ನಾಲ್ಕನೆಯದನ್ನೂ ಯಾಕೆ ತುಂಬುತ್ತಿದ್ದಾಳೆ ಈ ಹುಡುಗಿ ಶೇವಂತಾ, ಕೈ ತಪ್ಪಿರಬೇಕು, ಇಲ್ಲ, ಮುಂದಿನ ಸಾಲಿನಲ್ಲೂ ಅದೇ, ನಾಲ್ಕಕ್ಕೆ ನಾಲ್ಕೂ ಗೋಲ, ಗೆರೆಯಾಚೆ ಚೂರೂ ಮಸಿ ಹೋಗದಂತೆ, ನಾಲಿಗೆ ಕಚ್ಚಿಕೊಂಡು — ಸುಜಾತಾಬಾಯಿ ಕತ್ತು ಚಾಚಿ ಮತ್ತೊಮ್ಮೆ ನೋಡಿದಳು, ಸರಿಯುತ್ತರದ ಗೋಲ ಒಂದನ್ನೇ ತುಂಬಬೇಕೆಂದು ಈ ಐದನೆಯ ತರಗತಿಗೆ ಗಂಟಲು ಹರಿಯುವಂತೆ ಹೇಳಿದ್ದಳಲ್ಲ, ಆದರೆ ಹೇಳಿದ್ದು ಎರಡನೆಯ ವಾರ, ಮೊದಲ ವಾರ ಕೈ ಪಳಗಲೆಂದು ಪಾಠ ಬಿಟ್ಟು, ಮಗ್ಗಿ ಬಿಟ್ಟು, ಕಂಡ ಗೋಲವನ್ನೆಲ್ಲ ತುಂಬಿಸಿದವಳೂ ತಾನೇ, ಶೇವಂತಾನ ಹಾಳೆ ನೋಡ್ರಿ, ಹಿಂಗ ತುಂಬಬೇಕು ಅಂದಿದ್ದಳು, ಮರುದಿನವೇ ಶೇವಂತಾ ಅಪ್ಪ ಅವ್ವನ ಜೊತೆ ಕುರಿ ಹೊಡೆದುಕೊಂಡು ಅಥಣಿ ಕಡೆಗೆ ಹೋದಳು, ಬಂದದ್ದು ನಿನ್ನೆ ಸಂಜೆ, ಅದೂ ತಾನು ಫೋನ್ ಮಾಡಿ ಕರೆಸಿದ್ದಕ್ಕೆ, ಹೆಡ್‌ಮಾಸ್ತರ ಶ್ರೀಪಾಲರ ಕಾಟಕ್ಕೆ, ಒಬ್ಬರೂ ಗೈರಾಗಬಾರದ್ರಿ ಬಾಯಾರ, ಹ್ವಾದ ವರ್ಷ ಗೈರು ಹೆಚ್ಚಾಗಿ ನಮ್ಮ ಸಾಲಿ ಕೆಂಪು ಯಾದಿಯೊಳಗ ಇತ್ತು, ಈ ಸಲಾನೂ ಬಂದ್ರ ನನ್ನ ಚಿಕ್ಕೋಡಿಗಿ ಕರಿಸಿ ಎಲ್ಲಾರ ಮುಂದ ನಿಂದರಸ್ತಾರ; ತಾಯಿ ಕೆಂಪವ್ವ ಫೋನಿನಲ್ಲಿ ರಾಗ ಎಳೆದಿದ್ದಳು, ಒಂದ್ ದಿವಸದ ಪರೀಕ್ಷಾಕ ಇಷ್ಟ್ ದೂರಿಂದ ಕಳಸಬೇಕೇನ್ರಿ, ಕಳಸವ್ವಾ, ನಿನ್ನ ಮಗಳು ಶಾಣ್ಯಾ ಅದಾಳ, ಅದೇನು ಪುಸಲಾಯಿಸಲು ಆಡಿದ ಮಾತಲ್ಲ, ಈಗಲೂ ನೋಡು, ತುಟಿ ಅಲ್ಲಾಡುತ್ತಿದೆ, ಒಂಬತ್ತ ನಾಕಲೆ ಮೂವತ್ತಾರ, ಹೌದವ್ವಾ, ಮೂವತ್ತಾರೇ, ಅದೊಂದನ್ನ ತುಂಬು, ಅದೊಂದ ಸಾಕು, ಮನಸ್ಸಿನೊಳಗೇ ಕೂಗಿದಳು ಬಾಯಿ — ಹುಡುಗಿ ತುಂಬಿದಳು, ಮೂವತ್ತಾರನ್ನೂ ತುಂಬಿದಳು, ಉಳಿದ ಮೂರನ್ನೂ ತುಂಬಿದಳು.

ಗೋಲ ನೋಡಿ ಅಂಕ ಎಣಿಸುವ ಯಂತ್ರಕ್ಕೆ ತುಟಿ ಕಾಣುತ್ತದೆಯೇ, ಸೊನ್ನೆ, ಸೊನ್ನೆ, ಕುರಿಯವರ ಹುಡುಗಿಗೆ ಮಗ್ಗಿಯೂ ಬಾರದು ಎಂದು ಬರೆದುಬಿಡುತ್ತದೆ, ಬೇರೆ ಹಾಳೆ ಕೊಡೋಣವೆಂದರೆ ಒಬ್ಬೊಬ್ಬರ ಹೆಸರು ಅಚ್ಚಾಗಿ ಬಂದ ಹಾಳೆ, ಮಸಿ ಅಳಿಸಿದರೆ ಕಾಗದವೇ ಹರಿಯುತ್ತದೆ, ಬಾಗಿಲಿಗೆ ಅಡ್ಡವಾಗಿ ಹೊರಗಿನಿಂದ ಬಂದ ಮೇಲ್ವಿಚಾರಕ ಕೈಕಟ್ಟಿ ನಿಂತಿದ್ದಾನೆ, ಮಕ್ಕಳ ಜೋಡಿ ಒಂದ್ ಮಾತೂ ಆಡೋ ಹಾಂಗಿಲ್ರಿ ಬಾಯಾರ, ಆಡಿದ್ರ ಇಡೀ ವರ್ಗದ ಪರೀಕ್ಷಾ ರದ್ದ್ ಆಕ್ಕೈತಿ, ಇಪ್ಪತ್ತೆರಡು ಮಕ್ಕಳು, ಒಬ್ಬಳಿಗಾಗಿ ಇಪ್ಪತ್ತೊಂದು, ಕೆಮ್ಮಿದರೆ, ಕಣ್ಣು ಸನ್ನೆ ಮಾಡಿದರೆ, ಥೂ, ಇದೆಂಥ ಬಾಳು, ಕಲಿಸುವವಳ ಬಾಯಿಗೇ ಬೀಗ — ಶೇವಂತಾ ತಲೆ ಎತ್ತಿದಳು, ಹುಡುಕಿದಳು, ಬಾಯಾರನ್ನೇ ಹುಡುಕಿದಳು, ಹಾಳೆಯನ್ನು ತುಸು ಇತ್ತ ತಿರುಗಿಸಿದಳು, ಒಂದೂ ಗೆರಿ ದಾಟಿಲ್ರೀ, ಶ್ ಎಂದ ಬಾಗಿಲ ಬಳಿಯವನು, ಸುಜಾತಾಬಾಯಿಯ ಮುಖ ಅಳುವುದಕ್ಕೆ ಮೊದಲು ಹೇಗೋ ನಕ್ಕುಬಿಟ್ಟಿತು, ಅಷ್ಟೇ ಸಾಕಾಯಿತು ಹುಡುಗಿಗೆ, ಖುಷಿಯಿಂದ ಹಾಳೆ ಮಗುಚಿದಳು, ಹಿಂಬದಿಯಲ್ಲಿ ಇನ್ನೂ ಇಪ್ಪತ್ತು ಪ್ರಶ್ನೆ, ಪೆನ್ನು ಊರಿದಳು, ಒಂದು ಗೋಲ, ಎರಡು, ಮೂರು,