ಸಾಲುಮರದ ರಸ್ತೆಗೆ ಅವರಿಟ್ಟ ಹೆಸರು

ನಮ್ಮ ಆರ್.ಟಿ. ನಗರದ ಮನೆಯ ನಡುಮನೆಯಲ್ಲಿ ಹಳೆಯ ಕ್ಯಾಲೆಂಡರಿನ ಚಿತ್ರವೊಂದಿತ್ತು. ನೇರವಾದ ಮಣ್ಣಿನ ರಸ್ತೆ, ಎರಡೂ ಕಡೆ ಎತ್ತರದ ಸಣಕಲು ಮರಗಳು, ಮೇಲೆಲ್ಲ ಆಕಾಶ. ಕೆಳಗೆ ಇಂಗ್ಲಿಷಿನಲ್ಲಿ ‘ಹೊಬ್ಬೆಮಾ’ ಎಂದು ಒಂದೇ ಮಾತು. ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದ ನಮ್ಮವರು ಅದನ್ನು ಆಫೀಸಿನಿಂದ ತಂದು, ತಾರೀಖಿನ ಭಾಗ ಕತ್ತರಿಸಿ, ರಟ್ಟಿಗೆ ಅಂಟಿಸಿದ್ದರು.

ನಾವು ಕಂಡ ಕ್ಯಾಲೆಂಡರುಗಳೆಲ್ಲ ದೇವರವು. ಲಕ್ಷ್ಮಿಯ ಚಿತ್ರದ ಕೆಳಗೆ ಲಕ್ಷ್ಮಿ, ವೆಂಕಟರಮಣನ ಕೆಳಗೆ ವೆಂಕಟರಮಣ ಎಂದೇ ಬರೆದಿರುತ್ತಿತ್ತು. ಹಾಗಾಗಿ ಸಾಲುಮರದ ರಸ್ತೆಗೆ ಇಂಗ್ಲಿಷಿನಲ್ಲಿ ಹೊಬ್ಬೆಮಾ ಎನ್ನುತ್ತಾರೆ ಎಂದು ಅವರು ಮಗಳು ಸೀತಾಗೆ ಹೇಳಿಕೊಟ್ಟರು. ಭಾನುವಾರಗಳಂದು ಅಪ್ಪ ಮಗಳು ಹೆಬ್ಬಾಳದ ಕೃಷಿ ಕಾಲೇಜಿನ ಕಡೆ ಸಿಲ್ವರ್ ಓಕ್ ಸಾಲಿನಡಿ ನಡೆದು ಬರುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದರೆ ಹೊಬ್ಬೆಮಾಗೆ ಎನ್ನುವರು. ಪಕ್ಕದ ಮನೆಯ ಆಟೊ ಅನ್ವರ್ ಕೂಡ ಆ ಮಾತು ಕಲಿತಿದ್ದ.

ಎಂಬತ್ಮೂರನೇ ಇಸವಿಯ ಕೊನೆಗೆ ಅವರು ಹಾಸಿಗೆ ಹಿಡಿದರು. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ನಾನು ಅವರೆಕಾಳು ಹಿತುಕುತ್ತ ಕೂತಿದ್ದೆ. ಶಾಲೆಯಿಂದ ಬಂದ ಸೀತಾ ಬ್ಯಾಗನ್ನು ಮೂಲೆಗೆ ಎಸೆದಳು. ಭಾನುವಾರದ ತಿರುಗಾಟದ ಮೇಲೆ ಅವಳು ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದಳು, ಅಪ್ಪನಿಗೂ ಓದಿ ಹೇಳಿದ್ದಳು. ಅದರಲ್ಲಿದ್ದ ಹೊಬ್ಬೆಮಾ ಎಂಬ ಮಾತೇ ಇಂಗ್ಲಿಷಿನಲ್ಲಿಲ್ಲ, ಅದು ಹಾಲೆಂಡಿನ ಒಬ್ಬ ಚಿತ್ರಕಾರನ ಮನೆತನದ ಹೆಸರು ಎಂದು ಮಿಸ್ ಹೇಳಿದರಂತೆ. ಮಿಸ್ ಗದರಲಿಲ್ಲ, ಆದರೆ ಕ್ಲಾಸೆಲ್ಲ ನಕ್ಕಿತು. ಮನೆಗೆ ಬರುವ ದಾರಿಯಲ್ಲೇ ಹುಡುಗಿಯರು ಇವಳನ್ನು ಹೊಬ್ಬೆಮಾ ಎಂದು ಕರೆಯತೊಡಗಿದ್ದರು.

“ಅಪ್ಪಂಗೆ ಇಂಗ್ಲಿಷೇ ಬರಲ್ಲಮ್ಮ. ಇವತ್ತು ಕೇಳೇ ಕೇಳ್ತೀನಿ,” ಎಂದಳು.

ಕೇಳಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಯಾಕೆ ಎಂದು ಅವಳು ಕೇಳಿದರೆ ಡಾಕ್ಟರ ಮಾತು ಹೇಳಬೇಕಾಗುತ್ತಿತ್ತು. ಎಸ್ಸೆಸ್ಸೆಲ್ಸಿಗೇ ಓದು ನಿಂತಿದ್ದ ಅವರಿಗೆ ಮಗಳಿಗೆ ಇಂಗ್ಲಿಷ್ ಹೇಳಿಕೊಡುವುದೊಂದೇ ಹೆಮ್ಮೆ. ಆ ಹೆಮ್ಮೆ ಈಗ ಒಡೆದರೆ ಮತ್ತೆ ಸರಿಮಾಡಿಕೊಳ್ಳಲು ಅವರಿಗೆ ದಿನಗಳೆಲ್ಲಿದ್ದವು? ಗಂಜಿಯ ಲೋಟ ಅವಳ ಕೈಗಿತ್ತೆ. ಬಾಗಿಲ ಹಿಂದೆ ನಿಂತೆ.

“ಏನೇ ಪುಟ್ಟಿ, ಪ್ರಬಂಧ ನೋಡಿದ್ರಾ ನಿಮ್ಮ ಮಿಸ್ಸು?”

ಅವಳು ಲೋಟ ಚಾಚಿದಳು. ಅವರು ಎರಡೂ ಕೈಯಲ್ಲಿ ಲೋಟ ಹಿಡಿದರೂ ಗಂಜಿ ಹೊದಿಕೆಯ ಮೇಲೆ ತುಳುಕಿತು. ಸೀತಾ ಆ ಕೈಗಳನ್ನೇ ನೋಡಿದಳು. ಆಮೇಲೆ ತಾನೇ ಲೋಟ ತೆಗೆದುಕೊಂಡು ಅವರ ತುಟಿಗೆ ಹಿಡಿದಳು.

“ಆ ಮಾತು ಯಾರು ಹೇಳಿಕೊಟ್ಟಿದ್ದು ಅಂತ ಕೇಳಿದ್ರು. ನಮ್ಮಪ್ಪ ಅಂದೆ.”

“ಅವರಿಗೆ ಗೊತ್ತಿತ್ತಾ?”

“ಗೊತ್ತಿತ್ತಪ್ಪ.”

“ಗೊತ್ತಿರತ್ತೆ ಬಿಡು, ಎಂ.ಎ. ಓದಿದವರು,” ಎಂದು ನಕ್ಕರು. ನಕ್ಕಿದ್ದಕ್ಕೇ ಕೆಮ್ಮು ಬಂತು. ಅವಳು ಬೆನ್ನು ನೀವುತ್ತ ಕೂತಳು.

ಆ ಭಾನುವಾರ ಹೊರಗೆ ಹೋಗಬೇಕೆಂದು ಹಟ ಹಿಡಿದರು. ಅನ್ವರ್ ಅವರನ್ನು ಎತ್ತಿಕೊಂಡೇ ಹೋಗಿ ಆಟೊದಲ್ಲಿ ಕೂರಿಸಿದ.

“ಹೊಬ್ಬೆಮಾಗೆ ತಾನೆ ಸಾರ್?”

ಕೆಮ್ಮಿನಿಂದ ಅವರಿಗೆ ಮಾತಾಡಲಾಗಲಿಲ್ಲ. ನಾನು ಮಗಳ ಮುಖ ನೋಡಿದೆ.

“ಅಲ್ಲಿಗೇ ಅಂಕಲ್,” ಎಂದಳು ಅವಳು.

ಅಲ್ಲಿ ಅವರು ಇಳಿಯಲಿಲ್ಲ. ಮಗಳ ಹೆಗಲಿಗೆ ಒರಗಿ, ಬಿಸಿಲು ಏರುವವರೆಗೂ ಮರಗಳನ್ನು ನೋಡಿದರು. ಶಿವರಾತ್ರಿಯ ಹೊತ್ತಿಗೆ ಹೋಗಿಬಿಟ್ಟರು.

ವರ್ಷ ಕಳೆದು, ಮರುವರ್ಷದ ಯುಗಾದಿಗೆ ಸುಣ್ಣ ಹೊಡೆಸುವಾಗ ಆ ಚಿತ್ರ ಕೆಳಗಿಳಿಯಿತು. ಮತ್ತೆ ಹಾಕೋದಾ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಶಾಲೆಯಲ್ಲಿ ಅವಳನ್ನು ಇನ್ನೂ ಆ ಹೆಸರಿನಿಂದಲೇ ಕರೆಯುತ್ತಿದ್ದರು. ಸೀತಾ ರಟ್ಟಿನ ಮೇಲೆ ಬಿದ್ದ ಸುಣ್ಣದ ಹನಿಗಳನ್ನು ಉಗುರಿನಿಂದ ಕೆರೆದು ತೆಗೆದಳು. ಸ್ಟೂಲು ಹತ್ತಿ ಅದೇ ಮೊಳೆಗೆ ತಗುಲಿಸಿದಳು.

“ಅಮ್ಮ, ಭಾನುವಾರ ಹೋಗ್ಬರೋಣ್ವಾ?”

ಎಲ್ಲಿಗೆ ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. ಅವಳು ಸ್ಟೂಲಿನ ಮೇಲೆಯೇ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮೆಲ್ಲಗೆ, ಅವರ ಆ ಇಂಗ್ಲಿಷ್ ಮಾತನ್ನೇ ಹೇಳಿದಳು.