ಕೊಳವೆಯೊಳಗಿನ ಹನಿ

ಮುಚ್ಚಿತು, ಇಲ್ಲ, ತೆರೆಯಿತು, ಬಿಸಿಲಿಗಿರಬೇಕು, ಊಟದ ನಂತರದ ಬಿಸಿಲು ಗಾಜಿನೊಳಗಿಂದ ನೇರ ಮುಖಕ್ಕೇ ಬಡಿಯುತ್ತಿದೆಯಲ್ಲ, ಯಾರಿಗಾದರೂ ಕಣ್ಣು ಕಿರಿದಾಗುತ್ತದೆ ಎಂದು ನಬೀಸಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಆದರೂ ಗಂಡನ ಎಡಗಣ್ಣಿನ ರೆಪ್ಪೆಯಿಂದ ದೃಷ್ಟಿ ಕೀಳಲಿಲ್ಲ, ಅದು ಮತ್ತೆ ಇಳಿಯಿತು, ಅರ್ಧಕ್ಕೆ ನಿಂತಿತು, ಏನೋ ನೆನಪಾದವರ ಹಾಗೆ ಸರಕ್ಕನೆ ಮೇಲೆದ್ದಿತು — ಬಿಸಿಲಿಗಲ್ಲ, ಇದು ಬಿಸಿಲಿಗಲ್ಲ, ಈ ರೆಪ್ಪೆ ಅವಳಿಗೆ ಗೊತ್ತು. ಗುರುವಾಯನಕೆರೆ ದಾಟಿದ್ದು ಈಗಷ್ಟೆ, ಇನ್ನು ಮಡಂತ್ಯಾರು, ಪುಂಜಾಲಕಟ್ಟೆ, ವಗ್ಗ, ಬಂಟ್ವಾಳ, ಆಮೇಲೆ ಸೇತುವೆ ದಾಟಿ ನರಿಕೊಂಬಿನ ಮನೆ, ಅಷ್ಟೂ ದಾರಿ ಈ ಒಂದು ರೆಪ್ಪೆಯನ್ನು ನಂಬಿಕೊಂಡು ಹೋಗಬೇಕು, ಮತ್ತು ಹಿಂದಿನ ಸೀಟಿನಲ್ಲಿ ಸಜ್ನಾ, ಏಳು ತಿಂಗಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಪಕ್ಕದಲ್ಲಿ ಬೀಗರು ಕಟ್ಟಿಕೊಟ್ಟ ಹಪ್ಪಳದ ಡಬ್ಬಿ, ನೇಂದ್ರಬಾಳೆಯ ಗೊನೆ, ಮಗಳು ನಿದ್ದೆ ಹೋಗಿದ್ದಾಳೆ, ಅವಳ ಉಸಿರು ಸಣ್ಣಗೆ, ಎಲ್ಲೂ ಕಡಿಯದೆ ಬರುತ್ತಿದೆ, ಮನುಷ್ಯರು ಮಲಗುವುದು ಹೀಗೆ, ಉಸಿರು ಹೋಗಬೇಕು ಬರಬೇಕು, ಅಷ್ಟೆ, ಅದಕ್ಕೆ ಯಾರೂ ಪಕ್ಕದಲ್ಲಿ ಕೂತು ಕಾಯಬೇಕಾಗಿಲ್ಲ. ಮಾತಾಡಿಸಬೇಕು, ಮಾತಾಡಿಸುತ್ತಿದ್ದರೆ ನಿದ್ದೆ ಹತ್ತಿರ ಬರುವುದಿಲ್ಲ ಎಂದುಕೊಂಡು ಅವಳು ಬೀಗರ ಮನೆಯ ನೆಯ್‌ಚೋರು ಅನ್ನಕ್ಕೆ ತುಪ್ಪ ಹೆಚ್ಚಾಗಿತ್ತಲ್ಲವಾ ಎಂದು ಕೇಳಿದಳು, ಹೂಂ ಎಂದರು, ಸಜ್ನಾಳಿಗೆ ಕೆಳಗಿನ ಕೋಣೆಯೇ ಒಳ್ಳೆಯದಾ ಎಂದು ಕೇಳಿದಳು, ಹೂಂ ಎಂದರು, ಕಾರು ಆಕಾಶದಲ್ಲಿ ಹಾರುತ್ತಿದೆ ಎಂದಿದ್ದರೂ ಹೂಂ ಎನ್ನುತ್ತಿದ್ದರೇನೋ.

ಸೌದಿಯ ದಮ್ಮಾಮಿನಲ್ಲಿ ಟ್ರೇಲರ್ ಓಡಿಸಿದವನಿಗೆ ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ಡ್ರೈವರ್ ಬೇಕಾ, ಬೀಗಿತ್ತಿ ಗಾಡಿ ಓಡಿಸಲು ನಮ್ಮ ಹುಡುಗ ಶರೀಫ್‌ನನ್ನು ಕಳಿಸ್ತೇವೆ ಎಂದಾಗ ಇವರು ನಕ್ಕು ಹೇಳಿದ್ದು ಹಾಗೆ, ಎಲ್ಲರೂ ನಕ್ಕರು, ತಾನೂ ನಕ್ಕೆನಲ್ಲ ಎಂದು ನಬೀಸಾಳಿಗೆ ಈಗ ಮೈ ಉರಿಯಿತು. ಅದೇ ಟ್ರೇಲರಿನಲ್ಲಿ ಒಂದು ದಿನ ಇವರು ಸಿಗ್ನಲಿನಲ್ಲಿ ನಿಂತಲ್ಲೇ ನಿದ್ದೆ ಹೋಗಿ, ಹಿಂದಿನವರು ಹಾರ್ನ್ ಬಾರಿಸಿ ಸೋತು ಇಳಿದು ಬಂದು ಬಾಗಿಲು ಬಡಿದದ್ದನ್ನು ಯಾರಿಗೂ ಹೇಳಿಲ್ಲ, ಕಂಪೆನಿಯ ಡಾಕ್ಟರು ಮೈತುಂಬ ತಂತಿ ಅಂಟಿಸಿ ಮಲಗಿಸಿ ನೋಡಿ ನಿದ್ದೆಯಲ್ಲಿ ನಿನ್ನ ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರು ನಿಂತುಹೋಗುತ್ತದೆ, ಪ್ರಾಣ ಗಾಬರಿಬಿದ್ದು ಎಬ್ಬಿಸುತ್ತದೆ, ರಾತ್ರಿಯಿಡೀ ಇದೇ ಕೆಲಸವಾದರೆ ಹಗಲು ಕಣ್ಣು ಹೇಗೆ ತೆರೆದೀತು ಎಂದದ್ದನ್ನೂ ಹೇಳಿಲ್ಲ, ಸ್ಟಿಯರಿಂಗ್ ಕಿತ್ತುಕೊಂಡು, ನಿದ್ದೆಯಲ್ಲಿ ಮೂಗಿಗೆ ಗಾಳಿ ಊದುವ ಮಿಷಿನ್ ಕೈಗೆ ಕೊಟ್ಟು ಊರಿಗೆ ಕಳಿಸಿದರು, ಊರಿನವರಿಗೆ ಮಾತ್ರ ಸಾಕು ಅನಿಸಿತು, ಬಂದೆ ಎಂದರು. ಸಜ್ನಾಳಿಗೂ ಗೊತ್ತಿಲ್ಲ, ಅವಳ ಮದುವೆಯ ಮಾತುಕತೆ ನಡೆಯುತ್ತಿದ್ದ ಕಾಲ ಅದು, ಮಿಷಿನ್ ಕಪಾಟಿನೊಳಗೆ, ಕಪಾಟಿನ ಬೀಗದಕೈ ಇವರ ಕಿಸೆಯೊಳಗೆ. ಆದರೆ ಆ ಮೊದಲ ರಾತ್ರಿ, ಮೂಗಿಗೆ ಮುಖವಾಡ ಕಟ್ಟಿಕೊಂಡು ಇವರು ಮಲಗಿದ ಮೊದಲ ರಾತ್ರಿ, ಗೊರಕೆಯೇ ಇಲ್ಲ, ಗಾಳಿಯ ಸಣ್ಣ ಸುಯ್ಯೆಂಬ ಶಬ್ದ ಬಿಟ್ಟರೆ ಏನೂ ಇಲ್ಲ, ಅವಳು ಹೆದರಿ ಎದೆಯ ಮೇಲೆ ಕೈಯಿಟ್ಟು ನೋಡಿದ್ದಳು, ಎದೆ ಏಳುತ್ತಿತ್ತು ಇಳಿಯುತ್ತಿತ್ತು, ಹಾಗೇ ಕೈಯಿಟ್ಟುಕೊಂಡೇ ಅವಳೂ ನಿದ್ದೆ ಹೋದಳು, ಮದುವೆಯಾದ ಮೇಲೆ ಅಷ್ಟು ಒಳ್ಳೆಯ ನಿದ್ದೆ ಅವಳಿಗೆ ಬಂದಿರಲಿಲ್ಲ. ಆಮೇಲೆ ಡಿಸೆಂಬರ್ ಬಂತು, ಮೂಡಣದಿಂದ ಒಣಗಾಳಿ, ತುಟಿ ಒಡೆಯುವ ಚಳಿ, ಮಿಷಿನಿನ ಡಬ್ಬಿಯೊಳಗೆ ಬಿಸಿಯಾದ ನೀರಿನ ಹಬೆ ಕೊಳವೆಯಲ್ಲಿ ಬರುತ್ತ ಬರುತ್ತ ತಣಿದು ಹನಿಯಾಗತೊಡಗಿತು, ಒಂದು ದಪ್ಪ ಹನಿ, ಕೊಳವೆಯ ತಗ್ಗಿನಲ್ಲಿ, ಇವರು ಉಸಿರು ಎಳೆದರೆ ಮುಂದಕ್ಕೆ ಬಿಟ್ಟರೆ ಹಿಂದಕ್ಕೆ, ಸಣ್ಣ ಬಲ್ಬಿನ ಬೆಳಕಿನಲ್ಲಿ ಅವಳು ಅದನ್ನೇ ನೋಡುತ್ತ ಕೂತಿರುತ್ತಿದ್ದಳು, ಹನಿ ಹೋಗುತ್ತಿದೆ ಬರುತ್ತಿದೆ ಎಂದರೆ ಗಂಡ ಬದುಕಿದ್ದಾನೆ, ಆಮೇಲೊಮ್ಮೆ ಅದು ಬೆಳೆದು ಮೂಗಿಗೇ ನುಗ್ಗಿ ಇವರು ಮುಳುಗುವವರ ಹಾಗೆ ಕೈಕಾಲು ಬಡಿಯುತ್ತ ಎದ್ದರು.

ಮೂಡುಬಿದಿರೆಯ ಡಾಕ್ಟರು ನಗಲಿಲ್ಲ, ಒಳ್ಳೆಯ ಮನುಷ್ಯ, ಚಳಿಗಾಲದಲ್ಲಿ ಎಲ್ಲರಿಗೂ ಹೀಗೆ ಆಗ್ತದೆ, ಕಿಟಕಿ ಮುಚ್ಚಿ, ಮಿಷಿನನ್ನು ಮಂಚಕ್ಕಿಂತ ಕೆಳಗೆ ಇಡಿ, ಕೊಳವೆಗೆ ಏನಾದರೂ ಬೆಚ್ಚಗೆ ಸುತ್ತಿ ಎಂದರು, ಅವಳು ಆ ದಿನವೇ ದಮ್ಮಾಮಿನಿಂದ ತಂದ ಹುಲಿಯ ಚಿತ್ರದ ಕಂಬಳಿ ಕತ್ತರಿಸಿ ಕೊಳವೆಗೆ ಅಂಗಿ ಹೊಲಿದಳು, ನೀರು ಕಟ್ಟುವುದು ನಿಂತೇ ಹೋಯಿತು, ಅಲ್ಲಿಗೆ ಸುಮ್ಮನಿರಬೇಕಿತ್ತು, ಅಷ್ಟಕ್ಕೇ ಅಲ್‌ಹಮ್ದುಲಿಲ್ಲಾ ಎಂದು ಮಲಗಬೇಕಿತ್ತು. ಆದರೆ ದಿನಾ ರಾತ್ರಿ ಅವಳು ಡಬ್ಬಿಗೆ ಹಾಕುತ್ತಿದ್ದುದು ಬ್ಯಾಟರಿ ನೀರು, ಪೆಟ್ರೋಲ್ ಬಂಕಿನಲ್ಲಿ ಸಿಗುವ ಕ್ಯಾನಿನ ನೀರು, ಅದರಲ್ಲಿ ಏನೂ ಇಲ್ಲ, ಅದಕ್ಕೇ ಒಳ್ಳೆಯದು ಎಂದಿದ್ದರು ಡಾಕ್ಟರು, ಏನೂ ಇಲ್ಲದ ನೀರು, ಲಾರಿಗಳಿಗೆ ಕುಡಿಸುವ ನೀರು, ಅದರ ಹಬೆ ಇವರ ಎದೆಯೊಳಗೆ ಹೋಗಬೇಕಾ ಎಂದು ಅವಳಿಗೆ ಅನ್ನಿಸುತ್ತಿತ್ತು, ಅಡಿಗೆಮನೆಯಲ್ಲಿ ನಾದಿನಿ ಹಜ್ಜಿನಿಂದ ತಂದುಕೊಟ್ಟ ಝಂಝಂ, ಮಕ್ಕಾದ ಬಾವಿಯ ನೀರು, ಇತ್ತು, ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಬಿಸ್ಮಿ ಹೇಳಿ ಒಂದು ಮುಚ್ಚಳ ಕುಡಿಸುವ ನೀರು, ಮೊದಲು ಒಂದು ಮುಚ್ಚಳ, ಮರುದಿನ ಎರಡು, ಕೊನೆಗೆ ಡಬ್ಬಿ ತುಂಬ ಅದೇ, ಪ್ರತಿ ಉಸಿರಿಗೂ ಬರ್ಕತ್ತು ಇರಲಿ ಎಂದು, ಹೇಳದೆ ಕೇಳದೆ. ಡಬ್ಬಿಯ ತಳದಲ್ಲಿ ಬಿಳಿ ಹೊಟ್ಟು ಕಟ್ಟಿತು, ಅವಳು ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದಳು, ಡಬ್ಬಿ ಬಿರುಕು ಬಿಟ್ಟಿತು. ರಿಪೇರಿಯವನು ಯಾವ ನೀರು ಹಾಕಿದ್ದೀರಿ, ಇದು ಖನಿಜದ ಕೆಸರು ಎಂದ, ಬ್ಯಾಟರಿ ನೀರೇ ಮಾರಾಯ, ಬೇರೆ ಒಂದು ತೊಟ್ಟು ಹಾಕಿಲ್ಲ ಎಂದು ಇವರು ಆಣೆ ಮಾಡಿದರು, ಅವಳು ಬಾಗಿಲಿನ ಹಿಂದೆ ನಿಂತಿದ್ದಳು, ಅಲ್ಲೇ ನಿಂತಿದ್ದಳು. ನೀರಿನದೇನು ತಪ್ಪು, ಪವಿತ್ರ ನೀರು ಅದರ ಪಾಡಿಗೆ ಅದು ಇತ್ತು, ಕೈ ತನ್ನದು. ಹೊಸ ಡಬ್ಬಿ ಬೆಂಗಳೂರಿನಿಂದ ಬರಬೇಕಂತೆ, ಅಲ್ಲಿಯವರೆಗೆ ಬರೀ ಒಣಗಾಳಿ, ಈ ಚಳಿಯಲ್ಲಿ ರಾತ್ರಿಯಿಡೀ ಮೂಗಿಗೆ ಒಣಗಾಳಿ ಊದಿದರೆ ಏನಾದೀತು, ಬೆಳಿಗ್ಗೆ ದಿಂಬಿನ ಮೇಲೆ ರಕ್ತ, ಗಂಟಲು ಒಡೆದ ನೆಲ, ತೆಂಗಿನೆಣ್ಣೆ ಹಚ್ಚಿ ನೋಡಿದರು, ಒದ್ದೆ ಬಟ್ಟೆ ಕೋಣೆಯಲ್ಲಿ ಒಣಗಹಾಕಿ ನೋಡಿದರು, ಒಂದು ರಾತ್ರಿ ಮುಖವಾಡ ಕಿತ್ತು ಗೋಡೆಗೆ ಎಸೆದು ಸಾಕು ಇದರ ಸಹವಾಸ ಎಂದರು, ಮತ್ತೆ ಹಳೆಯ ಗೊರಕೆ, ಗೊರಕೆಯ ನಡುವೆ ಹಳೆಯ ಮೌನ, ಅವಳಿಗೆ ನೋಡುವುದಕ್ಕೆ ಹನಿಯೂ ಇಲ್ಲ.

ಮಡಂತ್ಯಾರು ಬಂತು, ಪೇಟೆಯಲ್ಲಿ ಜನ, ಬಸ್ಸು, ಇವರು ಹಾರ್ನ್ ಹೊಡೆದರು, ಎಚ್ಚರ ಉಂಟು, ಸರಿಯಾಗಿಯೇ ಉಂಟು, ನಾನೇ ಸುಮ್ಮನೆ ಹೆದರುವುದು ಎಂದು ಅವಳು ಕಿಟಕಿಯ ಕಡೆ ತಿರುಗಿ ತಕ್ಷಣ ಮತ್ತೆ ಈ ಕಡೆ ತಿರುಗಿದಳು, ನೋಡದಿದ್ದರೆ ರೆಪ್ಪೆ ಬಿದ್ದೇಬಿಡುತ್ತದೆ ಎನ್ನಿಸಿತು. ನಿನ್ನೆ ರಾತ್ರಿ ಇವರು ಮಲಗಲೇ ಇಲ್ಲ, ಮಗಳನ್ನು ಏಳನೇ ತಿಂಗಳಲ್ಲಿ ತವರಿಗೆ ಕರೆದುಕೊಂಡು ಬರಲು ಹೋದವರು ಒಂದು ರಾತ್ರಿ ನಿಲ್ಲದೆ ಬಂದರೆ ಬೀಗರಿಗೆ ಬೇಸರ, ನಿಂತರೆ ಇವರ ಗೊರಕೆ ಇಡೀ ಮನೆಗೆ ಕೇಳುತ್ತದೆ, ಒಣಗಾಳಿಯಾದರೂ ಸರಿ, ಮಿಷಿನ್ ತೆಗೆದುಕೊಂಡು ಹೋಗುವ ಎಂದು ಅವಳಂದರೆ ಬೀಗರ ಮನೆಗೆ ಆಸ್ಪತ್ರೆ ಹೊತ್ತುಕೊಂಡು ಹೋಗುವುದಾ ಎಂದು ಬೈದರು, ಅಳಿಯ ಶಾಫಿ ಅಲ್ಲೇ ಸೌದಿಯ ಜುಬೈಲಿನಲ್ಲಿದ್ದಾನೆ, ಅವನ ಕಿವಿಗೆ ಹೋದರೆ ಮಾವ ಕಾಯಿಲೆಯವ ಎಂದಾಗುವುದಿಲ್ಲವಾ, ಹಾಗಾಗಿ ಚಾವಡಿಯ ಕುರ್ಚಿಯಲ್ಲಿ ಶಾಲು ಹೊದ್ದು ಬೆಳಗಿನವರೆಗೆ ಕೂತೇ ಇದ್ದರು, ಕೈಯಲ್ಲಿ ತಸ್ಬಿಯ ಮಣಿಸರ, ಕಣ್ಣು ಮುಚ್ಚಿದರೆ ತೊಡೆಗೆ ಚಿವುಟಿಕೊಳ್ಳುತ್ತ. ಬೆಳಿಗ್ಗೆ ಬೀಗಿತ್ತಿ ಅವಳ ಕೈ ಹಿಡಿದು ನಿಮ್ಮ ಯಜಮಾನರು ರಾತ್ರಿಯಿಡೀ ಇಬಾದತ್ ಮಾಡಿದರಲ್ಲ, ಇಂಥ ಮನೆಯ ಹುಡುಗಿ ನಮಗೆ ಸಿಕ್ಕಿದ್ದು ಪುಣ್ಯ ಎಂದಾಗ ನಬೀಸಾ ಏನು ಹೇಳಬೇಕಿತ್ತು, ಅದು ಪ್ರಾರ್ಥನೆ ಅಲ್ಲ, ನಾಚಿಕೆ ಎಂದು ಹೇಳಬೇಕಿತ್ತು, ಹೇಳಿದ್ದರೆ ಈಗ ಸ್ಟಿಯರಿಂಗಿನಲ್ಲಿ ಶರೀಫ್ ಇರುತ್ತಿದ್ದ, ಎಳೆಯ ಹುಡುಗ, ಚೆನ್ನಾಗಿ ನಿದ್ದೆ ಮಾಡಿ ಎದ್ದವನು.

ರೆಪ್ಪೆ ಇಳಿಯಿತು, ಏಳಲಿಲ್ಲ, ಏಳಲಿಲ್ಲ, ಎಡಗಡೆಯ ಚಕ್ರ ಡಾಂಬರಿನಿಂದ ಜಾರಿ ಜಲ್ಲಿಯ ಮೇಲೆ ಕರಕರ ಎಂದಿತು, ಮುಂದೆ ಮೋರಿಯ ಕಟ್ಟೆ, ಬಿಳಿ ಸುಣ್ಣ ಬಳಿದದ್ದು, ಅದು ಬರುತ್ತಿದೆ, ಅವಳ ಕೈ ತಾನಾಗಿಯೇ ಹೋಗಿ ಅವರ ತೊಡೆ ಹಿಡಿಯಿತು, ಅವರು ಬೆಚ್ಚಿ ಸ್ಟಿಯರಿಂಗ್ ಎಳೆದರು, ಓಮ್ನಿ ವಾಲಾಡಿ ರಸ್ತೆಗೆ ಬಂತು, ಹಿಂದೆ ಹಪ್ಪಳದ ಡಬ್ಬಿ ಉರುಳಿತು, ಸಜ್ನಾ ಏನಾಯ್ತು ಎಂದು ನಿದ್ದೆಗಣ್ಣಿನಲ್ಲಿ ಕೇಳಿದಳು, ಏನಿಲ್ಲ ಮಗಳೇ, ರಸ್ತೆ ಹಾಳು ಎಂದರು. ರಸ್ತೆ ಹಾಳಾಗಿರಲಿಲ್ಲ. ಇಷ್ಟು ವರ್ಷ ಅವಳು ಎಲ್ಲದಕ್ಕೂ ಬಾಗಿಲಿನ ಹಿಂದೆ ನಿಂತಿದ್ದಳು, ಇಲ್ಲಿ ಬಾಗಿಲೇ ಇಲ್ಲ, ಹಿಂದೆ ಎರಡು ಜೀವ ಉಂಟು, ಅವಳು ಮಗಳಿಗೆ ಕೇಳುವ ಹಾಗೆಯೇ ಹೇಳಿದಳು, ನನಗೆ ಹೆದರಿಕೆ ಆಗ್ತದೆ, ಗಾಡಿ ನಿಲ್ಲಿಸಿ, ನಿಮಗೆ ನಿದ್ದೆ ಬರ್ತಾ ಉಂಟು, ನಿಮ್ಮ ಡಬ್ಬಿ ಹಾಳು ಮಾಡಿದ್ದು ನಾನು, ಝಂಝಂ ಹಾಕಿದ್ದು ನಾನು, ಬೈಯುವುದಿದ್ದರೆ ನಾಳೆ ಬೈಯಿರಿ, ಈಗ ನಿಲ್ಲಿಸಿ. ಅವರು ಅವಳನ್ನು ನೋಡಿದರು, ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು, ಬೈಯುವಷ್ಟೂ ಎಚ್ಚರ ಅವರಲ್ಲಿ ಉಳಿದಿರಲಿಲ್ಲ. ಪುಂಜಾಲಕಟ್ಟೆಗೆ ಸ್ವಲ್ಪ ಈಚೆ ಗೋಳಿಮರದ ನೆರಳಿನಲ್ಲಿ ಕಾರು ನಿಂತಿತು, ಎಂಜಿನ್ ಆರಿತು, ಬೀಗದಕೈ ಕಿತ್ತು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು, ಕೊಡಿ ಎಂದು ಅವಳು ಕೈ ಚಾಚಿದಳು, ಕೊಡಲಿಲ್ಲ, ಐದೇ ನಿಮಿಷ ಮಾರಾಯ್ತಿ, ಆಮೇಲೆ ನಾನೇ, ಎಂದವರು ಮಾತು ಮುಗಿಸಲಿಲ್ಲ, ತಲೆ ಹಿಂದಕ್ಕೆ ಬಿತ್ತು, ಬಾಯಿ ತೆರೆಯಿತು.

ಗೊರಕೆ ಎದ್ದಿತು, ಓಮ್ನಿಯ ತಗಡು ನಡುಗುವಷ್ಟು, ಅಬ್ಬ ಎಂದುಕೊಂಡಳು, ನಿಂತಿದ್ದೇವೆ, ಬದುಕಿದ್ದೇವೆ, ಮಗಳ ಹೊಟ್ಟೆ ಮುಟ್ಟಿ ನೋಡಿದಳು, ಒಳಗಿನ ಮಗು ಒದೆಯಿತು, ಒಣಗಾಳಿಗೆ ಗೋಳಿಯ ಎಲೆಗಳು ಗಾಜಿನ ಮೇಲೆ ಉದುರಿದವು, ಗೊರಕೆ ಇನ್ನೊಂದು, ಮತ್ತೊಂದು, ಆಮೇಲೆ ಇಲ್ಲ. ಸಜ್ನಾ ಮುಂದಕ್ಕೆ ಬಾಗಿದಳು, ಹುಟ್ಟಿದಾಗಿನಿಂದ ಅಪ್ಪನ ಗೊರಕೆ ಕೇಳಿ ನಕ್ಕವಳು, ಗೊರಕೆಯ ನಡುವಿನದನ್ನು ಎಂದೂ ಕೇಳಿರದವಳು, ಉಮ್ಮಾ, ಉಪ್ಪ ಯಾಕೆ ಉಸಿರು ತೆಗೊಳ್ತಾ ಇಲ್ಲ, ಎಂದು ಪಿಸುಗುಟ್ಟಿದಳು. ನಬೀಸಾಳ ಕೈ ಅವರ ಭುಜದ ಮೇಲಕ್ಕೆ ಹೋಗಿ ಮುಟ್ಟದೆ ನಿಂತಿತು, ಅಲುಗಿಸಿದರೆ ಎಚ್ಚರಾಗುತ್ತದೆ, ಉಸಿರು ಬರುತ್ತದೆ, ಎಚ್ಚರಾದರೆ ಐದು ನಿಮಿಷ ಆಯಿತು ಎನ್ನುತ್ತಾರೆ, ಮುಷ್ಟಿಯಲ್ಲಿ ಬೀಗದಕೈ ಉಂಟು, ಮುಂದೆ ವಗ್ಗದ ತಿರುವುಗಳು, ಹಿಂದೆ ಮಗಳು, ಅಲುಗಿಸದಿದ್ದರೆ, ಪ್ರತಿ ಸಲ ಬರುತ್ತದೆ, ತಾನಾಗಿ ಬಂದೇ ಬರುತ್ತದೆ, ಇಷ್ಟು ಹೊತ್ತು ಹಿಡಿದದ್ದು ಉಂಟಾ, ಇಷ್ಟು ಹೊತ್ತು ಯಾವತ್ತೂ, ಎದೆ ನೋಡಿದಳು, ಅಂಗಿಯ ಗುಂಡಿ ನೋಡಿದಳು, ಗುಂಡಿ ಅಲುಗಲಿಲ್ಲ, ಕಣ್ಣೆದುರಿಗೆ ಕೊಳವೆ, ಕೊಳವೆಯ ತಗ್ಗಿನಲ್ಲಿ ಹನಿ, ಮುಂದಕ್ಕೆ ಹೋಗಬೇಕು, ಹಿಂದಕ್ಕೆ ಬರಬೇಕು, ಹನಿ, ನಿಂತಲ್ಲೇ ನಿಂತಿರುವ ಹನಿ —