ರೊಕ್ಕಕ್ಕೂ ಗಾಡಿ ಬಾಡಿಗಿ

ಖಾನಾಪುರದ ಮಾಯವ್ವನ ಮನೆಯ ಕಂಬಳಿಗೆ ಒಂದೇ ಬೆಲೆ. ಅದು ಅವಳ ಬಾಯಿಂದ ಬಂದರೆ ಬಂತು, ಹಿಂದಿಲ್ಲ, ಮುಂದಿಲ್ಲ. ಕರಿ ಕುರಿಯ ಉಣ್ಣೆಯನ್ನು ಅವಳೇ ನೂಲುತ್ತಾಳೆ. ಗಂಡ ಗುರುಸಿದ್ದ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಾನೆ. ಹುಣಸೆ ಬೀಜದ ಗಂಜಿ ಹಚ್ಚಿ ಬಿಸಿಲಿಗೆ ಹಾಕಿ ತೆಗೆದರೆ ಆ ಕಂಬಳಿ ಮಳೆಗೂ ಬಾಗದು, ಚಳಿಗೂ ಬಾಗದು. ದೇವರನ್ನು ಕೂರಿಸುವುದು ಅದರ ಮೇಲೆ. ಮದುಮಕ್ಕಳನ್ನು ಕೂರಿಸುವುದೂ ಅದರ ಮೇಲೆ.

"ದೇವ್ರು ಕುಂದ್ರೂ ಗದ್ದಿಗಿಗೆ ಯಾರರ ಚೌಕಾಸಿ ಮಾಡತಾರೇನ?" ಎಂಬುದು ಮಾಯವ್ವನ ಮಾತು. ಒಮ್ಮೆ ವಡಗಾವಿಯಿಂದ ಬಂದ ವ್ಯಾಪಾರಿಯೊಬ್ಬ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, "ಸ್ವಲ್ಪ ಬಿಟ್ಟು ಹೇಳವಾ" ಎಂದಿದ್ದ. ಮಾಯವ್ವ ಎದ್ದು ನಿಂತಳು. ಅವನ ಹೆಗಲಿನಿಂದಲೇ ಕಂಬಳಿ ಎಳೆದು, ಮಡಚಿ, ಒಳಗಿಟ್ಟು ಬಂದಳು.

ಅಂಥ ಮನೆಗೆ ಸೊಸೆ ತ್ರಿವೇಣಿ ಒಂದು ದಿನ ಬ್ಯಾಂಕಿನಿಂದ ಸಪ್ಪೆ ಮುಖ ಮಾಡಿಕೊಂಡು ಬಂದಳು.

"ಅತ್ತಿ, ಪುಣೆದವರ ಚೆಕ್ಕು ಪಾಸ್ ಆಗೇತ್ರಿ."

"ಚಲೋ ಆತಲ್ಲ. ಮತ್ತ ಮಾರಿ ಯಾಕ ಹಂಗ ಮಾಡಿ?"

"ರೊಕ್ಕ ಒಂದೀಟು ಕಡಿಮಿ ಬಂದೈತ್ರಿ."

ನೂಲು ತೆಗೆಯುತ್ತಿದ್ದ ಮಾಯವ್ವನ ಕೈ ಅಲ್ಲೇ ನಿಂತಿತು.

ಈ ಪುಣೆಯವರು ಯಾರು, ಖಾನಾಪುರದ ಕಂಬಳಿ ಅವರಿಗೆ ಹೇಗೆ ಗೊತ್ತಾಯಿತು ಎನ್ನುವುದನ್ನು ಹೇಳಬೇಕು. ಇಂಟರ್‌ನೆಟ್ ಎನ್ನುವುದು ಆಗಷ್ಟೇ ನಮ್ಮ ಕಡೆ ಕಣ್ಣು ಬಿಡುತ್ತಿದ್ದ ಕಾಲ ಅದು. ಬೆಳಗಾವಿಯ ಟಿಳಕವಾಡಿಯಲ್ಲಿ ಪೂರ್ಣಿಮಾ ಎಂಬವರು ಕಂಪ್ಯೂಟರ್ ಕಲಿಸುವ ಅಂಗಡಿ ಇಟ್ಟಿದ್ದರು. ತ್ರಿವೇಣಿ ರೈಲಿನಲ್ಲಿ ಹೋಗಿಬಂದು ಅಲ್ಲಿ ಕಲಿತವಳು. ಮನೆಯಲ್ಲಿ ಮಾರುವ ವಸ್ತು ಇದ್ದರೆ ಅದರ ಚಿತ್ರ ಹಾಕಿ, ಎರಡು ಮಾತು ಬರೆದರೆ ಸಾಕು, ದೂರದ ಊರಿನವರೂ ನೋಡಬಹುದು ಎಂದು ಪೂರ್ಣಿಮಾ ತೋರಿಸಿಕೊಟ್ಟಿದ್ದರು. ತ್ರಿವೇಣಿ ಅತ್ತೆಯ ಕಂಬಳಿಯ ಚಿತ್ರ ಹಾಕಿದ್ದಳು. ಅದನ್ನು ಪುಣೆಯ ಬಾಳಾಸಾಹೇಬ ಎಂಬ ಹಿರಿಯರು ನೋಡಿದರು. ಅವರ ಹಿರಿಯರೂ ಈ ಸೀಮೆಯಲ್ಲಿ ಕುರಿ ಕಾಯ್ದವರೇ, ಮನೆಮಾತು ಇನ್ನೂ ಕನ್ನಡವೇ. ಮೊಮ್ಮಗನ ಹೆಸರಿಡುವ ದಿನ ಕರಿ ಕಂಬಳಿ ಹಾಸಿ, ಅದರ ಮೇಲೆ ತೊಟ್ಟಿಲಿಡಬೇಕು ಎಂಬುದು ಅವರ ಆಸೆ.

ಮಾಯವ್ವ ಎಸ್‌ಟಿಡಿ ಅಂಗಡಿಯ ಫೋನಿನಲ್ಲಿ ಬೆಲೆ ಹೇಳಿದ್ದಳು. "ಆಗಲವ್ವಾ" ಎಂದಿದ್ದರು ಅವರು, ಮರುಮಾತಿಲ್ಲದೆ. ವಿ.ಪಿ. ಪಾರ್ಸೆಲ್ ಬಂದಾಗ ಅದರ ಅಂಚೆ ಖರ್ಚನ್ನು ಅಂಚೆಯವನ ಕೈಗೇ ತಾವು ಕೊಡುವುದಾಗಿಯೂ ಒಪ್ಪಿದ್ದರು. ಆ ದೊಡ್ಡತನಕ್ಕೆ ಮನಸೋತು ಮಾಯವ್ವ ಮಾತು ಕೊಟ್ಟಿದ್ದಳು: "ತೊಟ್ಟಿಲಕಿಂತ ಮೊದ್ಲ ನಮ್ಮ ಕಂಬಳಿ ನಿಮ್ಮ ಮನಿ ಮುಟ್ಟತೈತಿ. ಚಿಂತಿ ಮಾಡಬ್ಯಾಡ್ರಿ."

ಈಗ ನೋಡಿದರೆ ಹೀಗೆ.

"ಎಷ್ಟು ಬರದು ಕಳಸಿದ್ರು?" ಎಂದು ಕೇಳಿದಳು ಮಾಯವ್ವ.

"ಚೆಕ್ಕಿನ್ಯಾಗ ಪೂರಾ ಬರದಾರ್ರಿ. ಬ್ಯಾಂಕಿನ್ಯಾಗ ಏನೋ ಕಮಿಷನ್ ಹಿಡದಾರಂತ."

"ಬರದದ್ದು ಪೂರಾ, ಬಂದದ್ದು ಕಡಿಮಿ. ಇದಕ್ಕ ಚೌಕಾಸಿ ಅನ್ನದ ಮತ್ತೇನಂತಾರ? ಆ ವಡಗಾವಿಯಂವ ವಾಸಿ, ಎದುರಿಗೆ ಕೇಳಿದ. ಇಂವ ಎದುರಿಗೆ ಹೌದು ಅಂದು ಹಿಂದಿಂದ ಕತ್ತರಿ ಹಾಕ್ಯಾನ!"

ಗೋಡೆಯಾಚೆ ಕಾಳು ಹಸನು ಮಾಡುತ್ತಿದ್ದ ನೆರೆಮನೆಯ ಶಿವಲಿಂಗವ್ವನ ಮೊರ ಸದ್ದು ನಿಲ್ಲಿಸಿತು. ಅವಳ ತಲೆ ಗೋಡೆಯ ಮೇಲೆ ಬಂತು.

"ನಾ ಅವತ್ತ ಹೇಳಿರಲಿಲ್ಲೇನ ಮಾಯವ್ವಾ? ಮಾರಿ ಕಾಣದವರ ಕೂಡ ಯವಾರ ಮಾಡೂದಂದ್ರ, ಕತ್ತಲಾಗ ಎಮ್ಮಿ ಹಾಲು ಹಿಂಡಿದಂಗ. ಎಮ್ಮಿನೋ ಕ್ವಾಣೋ ಒದಿಸಿಕೊಂಡ ಮ್ಯಾಲ ಗೊತ್ತಾಗೂದು!"

"ನಿನ್ನ ಕಾಳು ನೀ ನೋಡ್ಕೊ" ಎಂದಳು ಮಾಯವ್ವ. ಆದರೆ ಆ ಮಾತು ಚುಚ್ಚಿತು. ಅಂಚೆಗೆ ಕಳಿಸಲೆಂದು ಅರಿವೆ ಸುತ್ತಿಟ್ಟಿದ್ದ ಕಂಬಳಿಯನ್ನು ಬಿಚ್ಚಿ ಪೆಟ್ಟಿಗೆಯೊಳಗೆ ಇಟ್ಟುಬಿಟ್ಟಳು.

ಇಟ್ಟಳು ನಿಜ, ಆದರೆ ಮನಸ್ಸು ಪೆಟ್ಟಿಗೆಯಲ್ಲಿ ಕೂರಲಿಲ್ಲ. ಕಂಬಳಿ ಕಳಿಸಿದರೆ ಬೆಲೆ ಮುರಿದಂತೆ. ಕಳಿಸದಿದ್ದರೆ ಮಾತು ಮುರಿದಂತೆ. ಅತ್ತ ತೊಟ್ಟಿಲ ದಿನ ಹತ್ತಿರ ಬರುತ್ತಿತ್ತು. ಬೆಲೆಯೂ ತನ್ನದೇ ಬಾಯಿಂದ ಬಂದದ್ದು, ಮಾತೂ ತನ್ನದೇ ಬಾಯಿಂದ ಬಂದದ್ದು. ಯಾವುದನ್ನು ಉಗುಳುವುದು, ಯಾವುದನ್ನು ನುಂಗುವುದು? ಪೆಟ್ಟಿಗೆಯ ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು.

ತ್ರಿವೇಣಿಗೆ ಅತ್ತೆಯ ಸಂಕಟ ಕಾಣದೆ ಇರುತ್ತದೆಯೇ? ಮೆಲ್ಲಗೆ ಹೋಗಿ ಪೂರ್ಣಿಮಾ ಅವರಿಗೆ ಫೋನ್ ಮಾಡಿದಳು. ಮರುದಿನ ಬೆಳಗಿನ ರೈಲಿಗೆ ಪೂರ್ಣಿಮಾ ಬಂದೇಬಿಟ್ಟರು.

"ಬರ್ರಿ ಅಕ್ಕೋರ, ಕುಂದರ್ರಿ" ಎಂದು ಮಾಯವ್ವ ಚಾಪೆ ಹಾಸಿದಳು. ಚಹಾ ಕೊಟ್ಟಳು. ಆಮೇಲೆ ಸೊಸೆಯ ಕಡೆ ಕಣ್ಣು ಬಿಟ್ಟಳು. "ಇಕಿ ಹೇಳಿ ಕರಿಸಿರಬೇಕು. ನೋಡ್ರಿ, ನಿಮ್ಮ ಕಂಪ್ಯೂಟರಿನ ಆ ಗಾಜಿನ ಪೆಟ್ಟಿಗಿ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಕಂಬಳಿ ಮಾತ್ರ ಕಳಸಂಗಿಲ್ಲ. ಅವರ ರೊಕ್ಕ ಅವರಿಗೆ ತಿರುಗಿ ಕೊಟ್ಟುಬಿಡತೀವಿ."

"ಕಳಸಬ್ಯಾಡ್ರಿ" ಎಂದರು ಪೂರ್ಣಿಮಾ. "ಆದ್ರ ನನ್ನ ಒಂದು ಪ್ರಶ್ನಿಗೆ ಉತ್ತರ ಹೇಳ್ರಿ. ಕಂಬಳಿ ಇಲ್ಲಿಂದ ಪುಣೆಕ್ಕ ಹೋಗಬೇಕಲ್ಲ, ಆ ಖರ್ಚು ಯಾರದಂತ ಮಾತಾಡಿದ್ರಿ?"

"ಅವರದು. ಮೊದ್ಲ ಮಾತಾಡೇವಿ."

"ಬರೋಬರಿ. ಇನ್ನ ಪುಣೆಯಿಂದ ಇಲ್ಲಿಗೆ ರೊಕ್ಕ ಬರಬೇಕಲ್ಲ, ಅದರ ಖರ್ಚು ಯಾರದಂತ ಮಾತಾಡಿದ್ರಿ?"

ಮಾಯವ್ವ ಸೊಸೆಯ ಮುಖ ನೋಡಿದಳು. ಸೊಸೆ ನೆಲ ನೋಡಿದಳು.

ಮಗ್ಗದ ಕುಣಿಯೊಳಗಿಂದ ಗುರುಸಿದ್ದ ಅಂದ: "ರೊಕ್ಕ ತನ್ನ ಕಾಲ ಮ್ಯಾಲ ತಾ ನಡಕೋತ ಬರತೈತಿ ಅಂತ ತಿಳದಿದ್ವಿ ನಾವು."

ಎಲ್ಲರಿಗೂ ನಗು ಬಂತು. ಮಾಯವ್ವ ಮಾತ್ರ ನಗಲಿಲ್ಲ. "ಕಾಗದದಾಗ ಬರದ ರೊಕ್ಕಕ್ಕ ಎಲ್ಲಿ ಖರ್ಚ್ರೀ? ಅದೇನ ಹೊರೀನ?"

"ಅಲ್ಲೇ ನೋಡ್ರಿ ನಾವು ಎಡವೂದು" ಎಂದರು ಪೂರ್ಣಿಮಾ. "ಚೆಕ್ಕು ಪುಣೆ ಬ್ಯಾಂಕಿಂದು. ನೀವು ಅದನ್ನ ಖಾನಾಪುರದ ಬ್ಯಾಂಕಿಗೆ ಕೊಟ್ರಿ. ಇವರು ಅದನ್ನ ಪುಣೆಕ್ಕ ಕಳಿಸಿ, ಅಲ್ಲಿಂದ ರೊಕ್ಕ ತರಿಸಿ, ನಿಮ್ಮ ಖಾತೆಕ್ಕ ಹಾಕಬೇಕು. ಆ ಕೆಲಸಕ್ಕ, ಅಂಚಿ ಖರ್ಚಿಗೆ ಅಂತ ಅಷ್ಟು ಹಿಡಕೊಂಡಾರ. ಬಾಳಾಸಾಹೇಬರು ಕಡಿಮಿ ಕೊಟ್ಟಿಲ್ಲ. ಬ್ಯಾಂಕಿನವರೂ ಮೋಸ ಮಾಡಿಲ್ಲ. ದಾರಿ ಖರ್ಚು ದಾರ್ಯಾಗ ಹೋತು."

"ಹಂಗಾದ್ರ ಖರ್ಚಿಲ್ಲದ ದಾರಿ ಇಲ್ಲೇನ್ರಿ ಅಕ್ಕೋರ?" ಎಂದು ಕೇಳಿದಳು ತ್ರಿವೇಣಿ.

"ಇಲ್ಲ. ಡ್ರಾಫ್ಟ್ ತಗದ್ರೂ ಕಮಿಷನ್ ಐತಿ, ಮನಿಆರ್ಡರ್ ಮಾಡಿದ್ರೂ ಐತಿ. ಅವೆರಡರಾಗ ಕಳಸೂವರ ಕಡೆ ಮೊದ್ಲ ತಗೊಂತಾರ, ನಮ್ಮ ಕೈಗೆ ಪೂರಾ ಮುಟ್ಟತೈತಿ. ಪರಊರಿನ ಚೆಕ್ಕಾದ್ರ ನಮ್ಮ ಕಡೆ ಹಿಡೀತಾರ. ಯಾವ ದಾರಿಗೆ ಹೋದ್ರೂ ಖರ್ಚು ಐತಿ. ಯಾರ ಕಿಸೆಯಿಂದ ಅನ್ನೂದಷ್ಟ ಬ್ಯಾರೆ."

ತಾನು ಹೊಸ ಸೊಸೆಯಾಗಿ ಬಂದ ಕಾಲ ಮಾಯವ್ವನ ಕಣ್ಣ ಮುಂದೆ ಬಂತು. ಆಗ ಮಾವನ ಉಣ್ಣೆಯ ಮೂಟೆಗಳು ಎತ್ತಿನ ಗಾಡಿಯಲ್ಲಿ ಬೆಳಗಾವಿಗೆ ಹೋಗುತ್ತಿದ್ದವು. ಕೋಟೆಯ ಹತ್ತಿರ ಗಾಡಿ ನಿಲ್ಲಿಸಿ ಮಾವ ವ್ಯಾಪಾರಿಗಳ ಜೊತೆ ಮಾತು ತೆಗೆಯುತ್ತಿದ್ದರು. ಉಣ್ಣೆ ಮುಟ್ಟಿ ನೋಡುವ ಮೊದಲು, ಬೆಲೆ ಕೇಳುವ ಮೊದಲು, ಒಂದು ಮಾತು ಆಗಲೇಬೇಕಿತ್ತು.

"ಏನ್ರೀ," ಎಂದು ಗಂಡನನ್ನು ಕೂಗಿದಳು, "ಮಾವಾರು ಬೆಳಗಾಂವ್ಯಾಗ ಗಾಡಿ ನಿಲ್ಲಿಸಿದ್ರ ಮೊದ್ಲ ಏನ ಕೇಳತಿದ್ರು?"

"ಮತ್ತೇನ? ಗಾಡಿ ಬಾಡಿಗಿ ನಿಂದೋ ನಂದೋ ಅಂತ."

"ಅದ! ಬಾಡಿಗಿ ಬ್ಯಾರೆ, ಉಣ್ಣಿ ಬೆಲಿ ಬ್ಯಾರೆ. ಒಂದರಾಗ ಒಂದು ಕಲಸತಿರಲಿಲ್ಲ." ಮಾಯವ್ವ ಪೂರ್ಣಿಮಾರ ಕಡೆ ತಿರುಗಿದಳು. "ಅಂದ್ರ ರೊಕ್ಕಕ್ಕೂ ಗಾಡಿ ಬೇಕು, ಗಾಡಿಗೆ ಬಾಡಿಗಿ ಬೇಕು. ಹೌದಲ್ರಿ?"

"ಇದಕ್ಕಿಂತ ಚಂದ ನನಗೂ ಹೇಳಾಕ ಬರತಿರಲಿಲ್ಲ ನೋಡ್ರಿ."

ಗೋಡೆಯ ಮೇಲಿನಿಂದ ಶಿವಲಿಂಗವ್ವ ಬಾಯಿ ಹಾಕಿದಳು. "ಹಂಗಾದ್ರ ಸುಮ್ನ ಯಾಕ ಕುಂತೀರಿ? ಆ ಬಾಡಿಗಿನೂ ಕೊಡು ಅಂತ ಪುಣೆದವಂಗ ಹೇಳ್ರಿ. ಚೆಕ್ಕು ಕಳಿಸಿದಂವ ಅಂವ!"

"ಕೇಳಬಹುದು" ಎಂದರು ಪೂರ್ಣಿಮಾ. "ಆದ್ರ ಇದು ಇಂಥವರ ಕೊಡಬೇಕು ಅಂತ ಕಲ್ಲಿನ್ಯಾಗ ಕೊರದಿಲ್ರಿ. ಕೊಳ್ಳೂವರು ಕೊಡಬಹುದು, ಮಾರೂವರು ಕೊಡಬಹುದು, ಅರ್ಧಾ ಅರ್ಧಾ ಹಂಚಕೋಬಹುದು. ಮೊದ್ಲ ಮಾತಾದ್ರ ಮೂರೂ ನ್ಯಾಯನ. ಚೆಕ್ಕು ಅವರು ಆರಿಸಿದ್ರು, ಖರೇ. ಚೆಕ್ಕು ಬ್ಯಾಡ್ರಿ ಅಂತ ನಾವೂ ಹೇಳಲಿಲ್ಲ, ಅದೂ ಖರೇ. ಯವಾರ ಮುಗದ ಮ್ಯಾಲ ಹೊಸಾದೊಂದು ಖರ್ಚು ತಂದು ಅವರ ತಲಿಮ್ಯಾಲ ಹೊರಸಿದ್ರ, ಅವರಿಗೂ ನಿನ್ನೆ ನಿಮಗಾದಂಗ ಆಗತೈತಿ."

ಆ ಕೊನೆಯ ಮಾತು ಮಾಯವ್ವನ ಎದೆಗೆ ನಾಟಿತು. ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ತ್ರಿವೇಣಿ, ನಡಿ. ಫೋನ್ ಮಾಡೂಣು."

ಎಸ್‌ಟಿಡಿ ಅಂಗಡಿಯ ಗಾಜಿನ ಗೂಡಿನಲ್ಲಿ ಅತ್ತೆ, ಸೊಸೆ, ಪೂರ್ಣಿಮಾ ಮೂವರೂ ಒತ್ತಿಕೊಂಡು ನಿಂತರು. ಆ ಕಡೆ ಬಾಳಾಸಾಹೇಬರೇ ಎತ್ತಿದರು. ಮಾಯವ್ವ ನಡೆದದ್ದನ್ನು ಹೇಳಿದಳು. ಅವರ ದನಿ ಒಮ್ಮೆಲೇ ಗಟ್ಟಿಯಾಯಿತು.

"ಏನಂತೀರವ್ವಾ? ನಾ ಕಡಿಮಿ ಕಳಸೇನೇನು? ನೀವು ಹೇಳಿದ್ದು ಹೇಳಿದಂಗ ಬರದೇನಿ! ನಮ್ಮ ಮನಿತನದಾಗ ಕಂಬಳಿಗೆ ಯಾರೂ ಚೌಕಾಸಿ ಮಾಡಿಲ್ಲ."

ಮಾಯವ್ವನ ಮುಖ ಅರಳಿತು. ತನ್ನದೇ ಮಾತು ಪುಣೆಯಿಂದ ತಿರುಗಿ ಬಂದಂತಿತ್ತು.

"ಗೊತ್ತೈತ್ರಿ ಅಣ್ಣಾರ. ನಿನ್ನೆ ಗೊತ್ತಿರಲಿಲ್ಲ, ಇವತ್ತ ಗೊತ್ತಾತು. ಅದು ಬ್ಯಾಂಕಿನ ಬಾಡಿಗಿ."

"ಹಂಗಾದ್ರ ಆ ಬಾಡಿಗಿ ನಾ ಕೊಡತೀನಿ. ಎಷ್ಟು ಹೇಳ್ರಿ, ಇವತ್ತ ಮನಿಆರ್ಡರ್ ಮಾಡತೀನಿ."

"ಬ್ಯಾಡ್ರಿ. ನಾ ಮೊದ್ಲ ಹೇಳಲಿಲ್ಲ. ಹೇಳಲಾರದ್ದನ್ನ ವಸೂಲಿ ಮಾಡೂದು ನಮ್ಮ ಮನ್ಯಾಗಿಲ್ಲ. ನೀವು ಕಂಬಳಿ ಬೆಲಿ ಪೂರಾ ಕೊಟ್ಟೀರಿ, ನನಗ ಪೂರಾ ಮುಟ್ಟೈತಿ. ಈ ಸಲ ರೊಕ್ಕದ ಗಾಡಿ ಬಾಡಿಗಿ ನಾ ಕೊಟ್ಟೇನಿ ಅಂತ ತಿಳೀರಿ. ಬೆಲಿ ಇಳಿಸಿಲ್ಲ ಮತ್ತ, ಬಾಡಿಗಿ ಕೊಟ್ಟೇನಿ!"

ಆ ಕಡೆಯಿಂದ ಗಟ್ಟಿಯಾದ ನಗು ಕೇಳಿಸಿತು. "ಆತವ್ವಾ, ಈ ಸಲ ನೀವು ಗೆದ್ರಿ. ನನ್ನ ತಮ್ಮಗೂ ಒಂದು ಕಂಬಳಿ ಬೇಕಾಗೇತಿ. ಅದಕ್ಕ ಡ್ರಾಫ್ಟ್ ಕಳಸತೀವಿ, ಡ್ರಾಫ್ಟಿನ ಕಮಿಷನ್ ನಮ್ಮದು. ಈಗ ಮಾತಾತು, ನೋಡ್ರಿ. ಆಮ್ಯಾಲ ತಕರಾರಿಲ್ಲ."

"ಆತು. ಮಾತಾತು."

ಗೂಡಿನಿಂದ ಹೊರಗೆ ಬರುವಾಗ ಮಾಯವ್ವನ ನಡಿಗೆಯೇ ಬೇರೆಯಾಗಿತ್ತು. ದಾರಿಯಲ್ಲೇ ಸೊಸೆಗೆ ಹೇಳತೊಡಗಿದಳು. "ಆ ಗಾಜಿನ ಪೆಟ್ಟಿಗ್ಯಾಗ ಬರದದ್ದು ಸಾಲೂದಿಲ್ಲ. ಇನ್ನೊಂದೀಟು ಬರಿ. ಕಂಬಳಿ ಬೆಲಿ ಇಷ್ಟು, ಚೌಕಾಸಿ ಇಲ್ಲ. ಕಂಬಳಿ ಕಳಸೂ ಖರ್ಚು ಕೊಳ್ಳೂವರದು. ರೊಕ್ಕ ಡ್ರಾಫ್ಟಿನ್ಯಾಗ ಇಲ್ಲಾ ಮನಿಆರ್ಡರಿನ್ಯಾಗ ಕಳಸಬೇಕು, ಅದರ ಖರ್ಚೂ ಕೊಳ್ಳೂವರದು. ಒಪ್ಪಿಗಿ ಇದ್ರ ಫೋನ್ ಮಾಡ್ರಿ, ಇಲ್ಲಂದ್ರ ಶರಣು."

"ಶರಣು ಅಂತನೂ ಬರೀಲೇನ್ರಿ ಅತ್ತಿ?"

"ಬರಿ. ಒಪ್ಪದವರಿಗೂ ಮರ್ಯಾದಿ ಕೊಡಬೇಕು."

"ಮತ್ತ ಈ ಖರ್ಚು ಕೊಳ್ಳೂವರಿಗೆ ಭಾರ ಅನಸಿದ್ರ?"

ಉತ್ತರ ಪೂರ್ಣಿಮಾ ಕೊಟ್ಟರು. "ಆಗ ನೀವ ಹೊರಬಹುದು. ಇಲ್ಲಾ ಬೆಲಿ ಹೇಳೂವಾಗನ ಸೇರಿಸಿ, ಸೇರಿಸೇನಿ ಅಂತ ಬಾಯಿಬಿಟ್ಟು ಹೇಳ್ರಿ. ಒಳಗೊಳಗ ಸೇರಿಸೂದೂ ಬ್ಯಾಡ, ಆಮ್ಯಾಲ ಏರಿಸೂದೂ ಬ್ಯಾಡ."

ಮನೆಗೆ ಬಂದವಳೇ ಮಾಯವ್ವ ಪೆಟ್ಟಿಗೆ ತೆರೆದಳು. ಕಂಬಳಿಯನ್ನು ಒಮ್ಮೆ ಹಣೆಗೆ ಒತ್ತಿಕೊಂಡು, ಹೊಸ ಅರಿವೆಯಲ್ಲಿ ಸುತ್ತಿ, ದಬ್ಬಣ ತೆಗೆದುಕೊಂಡು ತಾನೇ ಹೊಲಿದಳು. ಗುರುಸಿದ್ದ ಕುಣಿಯಿಂದ ಎದ್ದು ಬಂದು ಗಂಟು ಬಿಗಿದ. ಶಿವಲಿಂಗವ್ವ ಗೋಡೆ ಬಿಟ್ಟು ಬಾಗಿಲಿಗೇ ಬಂದಳು.

"ಮಾಯವ್ವಾ, ನಮ್ಮನ್ಯಾಗೊಂದು ಹಳೇ ಹೊಲಿಗಿ ಮಷೀನು ಬಿದ್ದೈತಿ. ಅದನ್ನ ಆ ಪೆಟ್ಟಿಗ್ಯಾಗ ಹಾಕಾಕ ಬರತೈತೇನ?"

"ಬರತೈತಿ. ಮೊದ್ಲ ಬಾಡಿಗಿ ಯಾರದಂತ ಹೇಳು, ಆಮ್ಯಾಲ ಮಷೀನಿನ ಸುದ್ದಿ!"

ತೊಟ್ಟಿಲ ದಿನ ಇನ್ನೂ ಮುಂದಿರುವಾಗಲೇ ಅಂಚೆ ಕಚೇರಿಗೆ ಒಯ್ದು ಪಾರ್ಸೆಲ್ಲಿಗೆ ವಿಮೆ ಮಾಡಿಸಿದರು. ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿ, "ಇದರ ಬೆಲಿ ಎಷ್ಟು ಬರೀಲವ್ವಾ?" ಎಂದು ಕೇಳಿದರು. ತ್ರಿವೇಣಿ ಅತ್ತೆಯ ಕಡೆ ನೋಡಿದಳು. ಬ್ಯಾಂಕಿನಲ್ಲಿ ಬಂದಷ್ಟು ಹೇಳುತ್ತಾಳೋ, ಇನ್ನೆಷ್ಟು ಹೇಳುತ್ತಾಳೋ?

ಮಾಯವ್ವ ತಲೆಯೆತ್ತಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, ಬಾಳಾಸಾಹೇಬರಿಗೆ ಹೇಳಿದ್ದ ಬೆಲೆಯನ್ನೇ ಹೇಳಿದಳು. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ವಸ್ತುವನ್ನೂ ನಾಳೆ ಕಾಣದ ಊರಿನವರು ಕೊಳ್ಳಬಹುದು. ಅಂಜಬೇಡಿ. ಆದರೆ ಬೆಲೆ ಹೇಳುವ ಮೊದಲೇ ಹಣ ಯಾವ ದಾರಿಯಲ್ಲಿ ಬರಬೇಕು, ಆ ದಾರಿಯ ಖರ್ಚು ಯಾರದು ಎಂದು ಬಾಯಿಬಿಟ್ಟು ಮಾತಾಡಿಕೊಳ್ಳಿ. ಕೊಳ್ಳುವವರಾದರೆ ನೀವೇ ಮೊದಲು ಕೇಳಿ. ಮಾತಾಡಲು ಮರೆತಿದ್ದರೆ ಎದುರಿನವರನ್ನು ಕಳ್ಳರೆನ್ನುವ ಮೊದಲು ಒಂದು ಫೋನ್ ಮಾಡಿ. ಕೇಳಿದರೆ ಸಣ್ಣವರಾಗುವುದಿಲ್ಲ, ಹೇಳಿದರೆ ಕೆಟ್ಟವರಾಗುವುದಿಲ್ಲ. ದುಡಿದವರ ಬೆಲೆ ದುಡಿದವರಿಗೆ ಮುಟ್ಟಲಿ. ತೆಗೆದುಕೊಂಡವರು ನಗುನಗುತ್ತಾ ಬಿಚ್ಚಿ ಹಾಸಲಿ.